ಕೊಟ್ಟವನೇ ಈರಭದ್ರ

'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆಯನ್ನು ಕಟ್ಟಿದಾತನು ಸಾಲ ಕೊಟ್ಟು ಕೈಸುಟ್ಟುಕೊಂಡವನಿರಬೇಕು. ಸರಕಾರಿ ನೌಕರನಂತೂ ಆಗಿರಲಾರ. ಸರಕಾರದ ಕೈಯಿಂದ ನಾಲ್ಕು ಕಾಸನ್ನು ಹೆಚ್ಚಾಗಿ ಇಸಕೊಂಡವನ ಪಾಡನ್ನು ಆತನು ಕಂಡಿದ್ದರೆ ಗಾದೆಯನ್ನು ಮಗುಚಿ ಹಾಕುತ್ತಿದ್ದನು. ಇಲ್ಲಿ ಕೊಟ್ಟವನೇ ಈರಭದ್ರ. ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಕೊಡುತ್ತ ಹೋಗಿ, ಒಂದು ದಿನ ಕತ್ತಿ ಹಿರಿದು ಜಗಲಿಯ ಮುಂದೆ ಬಂದು ನಿಲ್ಲುವವನು. ಇಸಕೊಂಡವನಿಗೋ ತಾನು ಇಸಕೊಂಡೆನೆಂಬ ಅರಿವೂ ಇಲ್ಲ, ಹಣವೂ ಉಳಿದಿಲ್ಲ. ಅಕ್ಕಿಗೆ, ಔಷಧಕ್ಕೆ, ಮಗಳ ಹಾಸ್ಟೆಲಿಗೆ ಅದು ಹೋಗಿ ಎಷ್ಟೋ ಕಾಲವಾಗಿದೆ.

ಈ ಪತ್ರಿಕೆಯನ್ನು ಓದುವ ಮಹನೀಯರಲ್ಲಿ ಅರ್ಧಕ್ಕೆ ಮಿಕ್ಕಿದವರು ಅಧ್ಯಾಪಕರು, ಅಧ್ಯಾಪಕರಾಗಿದ್ದವರು, ಇಲ್ಲವೆ ಅಧ್ಯಾಪಕರ ಮನೆಯವರು. ಗಡಿಯ ಈಚೆಗೆ ಉಳಿದ ಕನ್ನಡಿಗನಿಗೆ ತನ್ನ ಭಾಷೆಯಿಂದ ಅನ್ನ ದೊರೆಯುವ ಮಾರ್ಗಗಳು ಹೆಚ್ಚಿಲ್ಲ. ಇರುವವುಗಳಲ್ಲಿ ಶಾಲೆಯದು ಹೆದ್ದಾರಿ. ಆದುದರಿಂದ ಸಂಬಳದ ವಿಷಯವನ್ನು ಸಾಹಿತ್ಯದ ಪತ್ರಿಕೆಗೆ ತಂದುದಕ್ಕೆ ನಾವು ಕ್ಷಮೆ ಬೇಡುವುದಿಲ್ಲ. ಕಾವ್ಯ, ವ್ಯಾಕರಣ, ಯಕ್ಷಗಾನ ಎಲ್ಲವನ್ನೂ ಕುರಿತು ಚರ್ಚಿಸಿ ಮುಗಿದ ಮೇಲೆ ನಮ್ಮ ಸಂಘದ ಸಭೆಗಳಲ್ಲಿ ಚಹಾ ಕುಡಿಯುತ್ತ ಎಲ್ಲರೂ ಮಾತಾಡುವುದು ತುಟ್ಟಿಭತ್ಯೆಯ ಬಾಕಿಯನ್ನು ಕುರಿತೇ ಎಂಬುದು ಎಲ್ಲರೂ ಬಲ್ಲ ಗುಟ್ಟು.

ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಂಬಳವೆಂದರೆ ಕಣ್ಣಿಗೆ ಕಾಣುವ, ಕೈಗೆ ತಾಗುವ ವಸ್ತುವಾಗಿತ್ತು. ಮುಖ್ಯೋಪಾಧ್ಯಾಯರು ಬಿಲ್ಲನ್ನು ಕೈಯಾರೆ ಬರೆದು, ಖಜಾನೆಗೆ ಹೋಗಿ, ಬಟ್ಟೆಯ ಚೀಲದಲ್ಲಿ ನೋಟುಗಳನ್ನು ಸುತ್ತಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಮೇಜಿನ ಮೇಲೆ ಉದ್ದನೆಯ ವೇತನಪಟ್ಟಿಯನ್ನು ಹರಡಿ, ರೆವೆನ್ಯೂ ಸ್ಟಾಂಪಿನ ಮೇಲೆ ಅಡ್ಡಲಾಗಿ ನಮ್ಮಿಂದ ಸಹಿ ಹಾಕಿಸಿಕೊಂಡು, ಹೆಬ್ಬೆರಳನ್ನು ನಾಲಗೆಗೆ ತಾಗಿಸಿ ಎಣಿಸಿ ಕೊಡುತ್ತಿದ್ದರು. ಅಂದೂ ತಪ್ಪುಗಳು ಆಗುತ್ತಿದ್ದವು. ಆದರೆ ಆ ತಪ್ಪಿಗೆ ಆಯುಸ್ಸು ಕಡಿಮೆ. ಎಂಟು ರೂಪಾಯಿ ಹೆಚ್ಚು ಬಂದರೆ ನಾವು ಮುಖ ನೋಡುತ್ತಿದ್ದೆವು. ಅವರು ಕನ್ನಡಕ ಏರಿಸಿ ಪಟ್ಟಿಯನ್ನು ನೋಡುತ್ತಿದ್ದರು. ಎಂಟು ರೂಪಾಯಿ ಚೀಲಕ್ಕೆ ಮರಳುತ್ತಿತ್ತು. ಕೊಡುವ ಕೈ, ಇಸಕೊಳ್ಳುವ ಕೈ ಎರಡೂ ಒಂದೇ ಮೇಜಿನ ಮೇಲೆ ಇದ್ದ ಕಾಲ ಅದು. ಹಳೆಯ ಕಾಲವೆಲ್ಲ ಚಿನ್ನವಾಗಿತ್ತೆಂದು ನಾವು ಹೇಳುತ್ತಿಲ್ಲ. ಖಜಾನೆಯಲ್ಲಿ ಬಿಲ್ಲು ಪಾಸಾಗದೆ ಓಣಮಿನ ಹಬ್ಬವನ್ನೂ ದೀಪಾವಳಿಯನ್ನೂ ಸಾಲದ ದಿನಸಿಯಿಂದ ಕಳೆದುದು ನೆನಪಿದೆ. ಸಂಬಳವನ್ನು ಯಂತ್ರಕ್ಕೆ ಒಪ್ಪಿಸುತ್ತಾರೆಂಬ ಸುದ್ದಿ ಬಂದಾಗ ಸಂತೋಷಪಟ್ಟವರಲ್ಲಿ ನಾವೂ ಇದ್ದೆವು; ಇಂದೂ ಒಂದನೆಯ ತಾರೀಕಿನಂದು ಖಾತೆಗೆ ಜಮೆಯಾಗುವ ಪಿಂಚಣಿಯನ್ನು ಬಿಟ್ಟು ಬಟ್ಟೆಯ ಚೀಲದ ಕಾಲಕ್ಕೆ ಮರಳಲು ನಾವು ಸಿದ್ಧರಿಲ್ಲ.

ಗಣಕಯಂತ್ರಕ್ಕೆ ಮನುಷ್ಯನು ಒಪ್ಪಿಸಿದ ಮೊದಮೊದಲಿನ ಕಛೇರಿ ಕೆಲಸಗಳಲ್ಲಿ ಸಂಬಳದ ಲೆಕ್ಕವೂ ಒಂದು. ಲಂಡನ್ನಿನಲ್ಲಿ ಚಹಾದಂಗಡಿಗಳನ್ನು ನಡೆಸುತ್ತಿದ್ದ ಲಯನ್ಸ್ ಎಂಬ ಕಂಪೆನಿ 'ಲಿಯೋ' ಎಂಬ ಯಂತ್ರವನ್ನು ತಾನೇ ಕಟ್ಟಿಸಿ, 1954ರಲ್ಲಿ ತನ್ನ ಕೆಲಸಗಾರರ ಸಂಬಳವನ್ನು ಅದರಿಂದ ಎಣಿಸತೊಡಗಿತು. ಸಂಬಳವೆಂದರೆ ಕೂಡು, ಕಳೆ, ಗುಣಿಸು. ಯಂತ್ರಕ್ಕೆ ಇದಕ್ಕಿಂತ ಸುಲಭವಾದ ಕೆಲಸವೇನಿದೆ ಎಂಬುದು ಎಲ್ಲರ ಎಣಿಕೆ. ಆದರೆ ಸಂಬಳದಲ್ಲಿ ಗಣಿತವಿರುವುದು ಒಂದಾಣೆ ಮಾತ್ರ. ಉಳಿದ ಹದಿನೈದಾಣೆ ನಿಯಮ. ಯಾರು ಯಾವ ದಿನ ಸೇರಿದರು, ಯಾವ ದಿನ ರಜೆಗೆ ಹೋದರು, ಆ ರಜೆಯ ಜಾತಿ ಯಾವುದು, ಮೇಲಿನ ಹುದ್ದೆಯ ಪ್ರಭಾರ ಎಂದು ಮುಗಿಯಿತು, ವೇತನಬಡ್ತಿ ಯಾವ ತಿಂಗಳಿಗೆ ಬರತಕ್ಕದ್ದು, ಇವೆಲ್ಲ ಮನುಷ್ಯರು ತಿಳಿಸಿದರೆ ಮಾತ್ರ ಯಂತ್ರಕ್ಕೆ ತಿಳಿಯುವ ಸಂಗತಿಗಳು. ಕೊಡು ಎಂದು ಒಮ್ಮೆ ಹೇಳಿದರೆ ಸಾಕು, ನಿಲ್ಲಿಸು ಎಂಬ ಮಾತು ಕಿವಿಗೆ ಬೀಳುವ ತನಕ ಅದು ಕೊಡುತ್ತಲೇ ಇರುತ್ತದೆ. ಹೆಚ್ಚಿನ ಸಂಬಳ ಹುಟ್ಟುವ ಬಗೆ ಬಹುಮಟ್ಟಿಗೆ ಇಷ್ಟೇ.

ಇದು ನಮ್ಮಂತಹ ಮೂಲೆಯ ತಾಲೂಕುಗಳ ಸಂಕಟವೆಂದು ತಿಳಿಯಬಾರದು. ಕೆನಡಾ ದೇಶದ ಕಥೆಯನ್ನು ಕೇಳಬೇಕು. ಅಲ್ಲಿಯ ಕೇಂದ್ರ ಸರಕಾರವು 2016ನೆಯ ಇಸವಿಯ ಫೆಬ್ರವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ, ಎರಡು ಕಂತುಗಳಾಗಿ, ತನ್ನ ಸುಮಾರು 2,90,000 ನೌಕರರ ಸಂಬಳವನ್ನು ಹೊಸದೊಂದು ಗಣಕವ್ಯವಸ್ಥೆಗೆ ಒಪ್ಪಿಸಿತು. ಅದಕ್ಕೆ ಇಟ್ಟ ಹೆಸರು ಫೀನಿಕ್ಸ್. ಪಾಶ್ಚಾತ್ಯ ಪುರಾಣಗಳಲ್ಲಿ ಬರುವ, ಬೂದಿಯಿಂದ ಮರಳಿ ಏಳುವ ಹಕ್ಕಿಯ ಹೆಸರು ಅದು. ಏಳಬೇಕಾದರೆ ಮೊದಲು ಬೂದಿಯಾಗಬೇಕೆಂಬುದನ್ನು ನಾಮಕರಣ ಮಾಡಿದವರು ಗಮನಿಸಿದಂತಿಲ್ಲ. ಐ.ಬಿ.ಎಂ. ಎಂಬ ಹೆಸರಾಂತ ಕಂಪೆನಿ ಅದನ್ನು ಸಿದ್ಧಪಡಿಸಿತ್ತು. ವರ್ಷಕ್ಕೆ 7 ಕೋಟಿ ಡಾಲರು ಉಳಿತಾಯವಾಗುವುದೆಂದು ಸರಕಾರ ಲೆಕ್ಕ ಹಾಕಿತ್ತು. ಆ ಉಳಿತಾಯದ ಆಸೆಯಲ್ಲಿ ಇಲಾಖೆ ಇಲಾಖೆಗಳಲ್ಲಿ ಕುಳಿತು ಸಂಬಳದ ಒಳಹೊರಗನ್ನು ಬಲ್ಲ ಸುಮಾರು 1,200 ಮಂದಿ ಗುಮಾಸ್ತರ ಹುದ್ದೆಗಳನ್ನು ತೆಗೆದುಹಾಕಿ, ಅವರ ಬದಲಿಗೆ ಮಿರಮಿಶಿ ಎಂಬ ಚಿಕ್ಕ ಊರಿನಲ್ಲಿ 550 ಮಂದಿಯನ್ನು ಹೊಸದಾಗಿ ಕೂರಿಸಿದರು. ಎಂಬತ್ತು ಸಾವಿರ ನಿಯಮಗಳಿದ್ದ ಸಂಬಳ ಅದು. ವೆಚ್ಚ ಮಿತಿಮೀರೀತೆಂದು ಹೆದರಿ, ಹಿಂದಿನ ದಿನಾಂಕದಿಂದ ಬರಬೇಕಾದ ಬಾಕಿಯನ್ನು ಎಣಿಸುವಂತಹ ಮುಖ್ಯ ಅಂಗಗಳನ್ನೇ ಯಂತ್ರದಿಂದ ಕೈಬಿಟ್ಟರು; ಒಂದು ಇಲಾಖೆಯಲ್ಲಿ ಮೊದಲು ನಡೆಸಿ ನೋಡಬೇಕೆಂದಿದ್ದ ಪ್ರಯೋಗವನ್ನೂ ರದ್ದುಮಾಡಿದರು. ಹೊಸ ಬಾವಿಯ ನೀರನ್ನು ಒಂದು ಕೊಡ ಸೇದಿ ನೋಡದೆ ಮದುವೆಯ ಅಡಿಗೆಗೆ ಇಳಿದಂತಾಯಿತು.

ಮುಂದಿನದನ್ನು ಊಹಿಸಬಹುದು. ಕೆಲವರಿಗೆ ತಿಂಗಳುಗಟ್ಟಲೆ ಸಂಬಳವೇ ಬರಲಿಲ್ಲ. ಕೆಲವರಿಗೆ ಅರ್ಧ ಬಂತು. ಇನ್ನು ಕೆಲವರು ಕೆಲಸ ಬಿಟ್ಟು ಹೋದ ಮೇಲೂ, ವೇತನರಹಿತ ರಜೆಯಲ್ಲಿ ಮನೆಯಲ್ಲಿದ್ದಾಗಲೂ ಸಂಬಳ ಬರುತ್ತಲೇ ಇತ್ತು. 2017ನೆಯ ಜೂನ್ ತಿಂಗಳ ಕೊನೆಯ ಹೊತ್ತಿಗೆ ಕಡಿಮೆ ಕೊಟ್ಟುದು, ಹೆಚ್ಚು ಕೊಟ್ಟುದು ಎರಡನ್ನೂ ಕೂಡಿಸಿ 52 ಕೋಟಿ ಡಾಲರಿಗೂ ಮೀರಿದ ತಪ್ಪುಗಳು ತಿದ್ದದೆ ಉಳಿದಿದ್ದವೆಂದು ಆ ದೇಶದ ಮಹಾಲೆಕ್ಕಪರಿಶೋಧಕರು ವರದಿ ಮಾಡಿದರು. ಅವರೇ ಮರುವರ್ಷದ ವರದಿಯಲ್ಲಿ ಇದನ್ನು ಬುದ್ಧಿಗೆ ನಿಲುಕದ ವೈಫಲ್ಯವೆಂದು ಕರೆದರು. ಲೆಕ್ಕಪರಿಶೋಧಕರು ಇಂತಹ ಮಾತನ್ನು ಬಳಸುವುದು ಅಪೂರ್ವ. 'ಸೂಕ್ತ ಗಮನ ಹರಿಸಲಾಗಿಲ್ಲ' ಎಂಬುದೇ ಅವರ ಭಾಷೆಯಲ್ಲಿ ಬೈಗುಳದ ಪರಾಕಾಷ್ಠೆ.

ಕಡಿಮೆ ಬಂದವರ ಕಷ್ಟ ಎಲ್ಲರಿಗೂ ಅರ್ಥವಾಗುತ್ತದೆ. ಹೆಚ್ಚು ಬಂದವರ ಕಷ್ಟವನ್ನು ಕೇಳಿದರೆ ಜನ ನಗುತ್ತಾರೆ. ಬಂದುದನ್ನು ಕೊಟ್ಟರಾಯಿತು, ಅದರಲ್ಲಿ ಕಷ್ಟವೇನು ಎನ್ನುತ್ತಾರೆ. ಅದರಲ್ಲಿರುವ ತೊಡಕನ್ನು ಕೆನಡಾದವರು ತಮ್ಮ ಮೈಮೇಲೆ ಅನುಭವಿಸಿದರು. ನೂರು ಡಾಲರು ಹೆಚ್ಚಾಗಿ ಬಂತೆನ್ನಿ. ಅದರಲ್ಲಿ ಮೂವತ್ತು ತೆರಿಗೆ ಮೊದಲಾದ ಕಡಿತಗಳಿಗೆ ಹೋಗಿ, ನೌಕರನ ಕೈಗೆ ಬಂದುದು ಎಪ್ಪತ್ತು. ಅದೇ ವರ್ಷದಲ್ಲಿ ತಪ್ಪು ತಿಳಿದರೆ ಎಪ್ಪತ್ತನ್ನು ಮರಳಿಸಿದರೆ ಸಾಕು. ವರ್ಷ ತಿರುಗಿ ತಿಳಿಯಿತೋ, ಮರಳಿಸಬೇಕಾದುದು ಪೂರಾ ನೂರು! ತನ್ನ ಕಣ್ಣಿಗೇ ಬೀಳದ ಮೂವತ್ತನ್ನು ಕೈಯಿಂದ ಕಟ್ಟಿ, ಆಮೇಲೆ ತೆರಿಗೆಯ ಇಲಾಖೆಯ ಬಾಗಿಲಿಗೆ ಹೋಗಿ ಅದನ್ನು ಕೇಳಿಕೊಳ್ಳಬೇಕು. ಸರಕಾರದ ಎಡಗೈಗೆ ಹೋದುದನ್ನು ಬಲಗೈಗೆ ತುಂಬಿಕೊಡುವ ಕೆಲಸ ನೌಕರನದಾಯಿತು. ಕೂಗು ಎದ್ದ ಮೇಲೆ, 2019ನೆಯ ಜನವರಿಯಲ್ಲಿ, ಯಂತ್ರದ ಅಥವಾ ಕಛೇರಿಯ ತಪ್ಪಿನಿಂದ ಹೆಚ್ಚು ಬಂದಿದ್ದರೆ ಕೈಗೆ ಬಂದಷ್ಟನ್ನೇ ಮರಳಿಸಿದರೆ ಸಾಕೆಂದು ತೆರಿಗೆಯ ಕಾನೂನನ್ನು ತಿದ್ದುವುದಾಗಿ ಸರಕಾರ ಪ್ರಕಟಿಸಿತು. 2022ರಲ್ಲಿ ಮತ್ತೊಂದು ಅಂಕ. ಆರು ವರ್ಷ ಕಳೆದರೆ ವಸೂಲಿಯ ಹಕ್ಕು ತಪ್ಪಿಹೋದೀತೆಂಬ ಭಯದಿಂದ, 'ನೀವು ಇಷ್ಟು ಹಣ ಕೊಡತಕ್ಕದ್ದೆಂದು ಒಪ್ಪಿ ಸಹಿ ಮಾಡಿ' ಎಂಬ ಪತ್ರಗಳು ನೌಕರರ ಮನೆಗಳಿಗೆ ಹೋಗತೊಡಗಿದವು. ನಮ್ಮೂರಿನ ಹಳೆಯ ಸಾಹುಕಾರರು ಪ್ರಾಮಿಸರಿ ನೋಟಿನ ವಾಯಿದೆ ಮುಗಿಯುವ ಮೊದಲು ಮನೆಗೆ ಬಂದು, ಎಲೆಯಡಕೆ ಹಾಕಿ, 'ಒಂದು ರುಜು ಹಾಕಿಬಿಡಿ' ಎನ್ನುತ್ತಿದ್ದುದು ಇದನ್ನೋದಿದಾಗ ನೆನಪಾಯಿತು. ಸಾಹುಕಾರರು ಎಲೆಯಡಕೆಯನ್ನಾದರೂ ಹಂಚಿಕೊಳ್ಳುತ್ತಿದ್ದರು.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಆರೋಗ್ಯ ಇಲಾಖೆಯ ದಾದಿಯರು, ವೈದ್ಯರು, ಪರಿಚಾರಕರು ಸೇರಿ ಎಂಬತ್ತು ಸಾವಿರದಷ್ಟು ಮಂದಿಯ ಸಂಬಳ 2010ನೆಯ ಮಾರ್ಚಿಯಲ್ಲಿ ಇದೇ ರೀತಿ ಕೆಟ್ಟು, 2013ರಲ್ಲಿ ವಿಚಾರಣಾ ಆಯೋಗ ಕೂತಿತ್ತು. ವೆಚ್ಚ 120 ಕೋಟಿ ಡಾಲರು ಮುಟ್ಟೀತೆಂದು ಅಂದಾಜು. ಕಥೆ ಒಂದೇ ಆದುದರಿಂದ ವಿಸ್ತರಿಸುವುದಿಲ್ಲ.

ಅಷ್ಟು ದೂರ ಹೋಗಿ ಬಂದುದು ನಮ್ಮ ನೆರೆಕರೆಯ ಮಾಷ್ಟ್ರ ವಿಷಯವನ್ನು ಹೇಳಲಿಕ್ಕಾಗಿ. ಹೆಸರು ಬೇಡ, ಅವರ ಶಿಷ್ಯರು ಈ ಪತ್ರಿಕೆಯ ಓದುಗರಲ್ಲಿಯೇ ಹತ್ತಾರು ಮಂದಿ ಇದ್ದಾರೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಿ 2022ನೆಯ ಮಾರ್ಚಿಯಲ್ಲಿ ನಿವೃತ್ತರಾದವರು. 2006ರಲ್ಲಿ ಅವರ ತಾಯಿ ಹಾಸಿಗೆ ಹಿಡಿದಾಗ ಐದು ತಿಂಗಳು ವೇತನರಹಿತ ರಜೆಯಲ್ಲಿದ್ದರು. ಅಂತಹ ರಜೆ ವೇತನಬಡ್ತಿಗೆ ಲೆಕ್ಕವಿಲ್ಲ. ಜುಲೈ ತಿಂಗಳಿಗೆ ಬರಬೇಕಾದ ಬಡ್ತಿ ಐದು ತಿಂಗಳು ಮುಂದಕ್ಕೆ ಹೋಗಿ ದಶಂಬರಕ್ಕೆ ಬರಬೇಕು. ಸೇವಾಪುಸ್ತಕದಲ್ಲಿ ರಜೆಯನ್ನು ಕೆಂಪು ಶಾಯಿಯಿಂದ ಬರೆದಿದ್ದರು. ಮುಂದಿನ ಪುಟದಲ್ಲಿ ಬಡ್ತಿಯ ತಿಂಗಳನ್ನು ತಿದ್ದಿರಲಿಲ್ಲ. ಆ ಬಳಿಕ ಪುಸ್ತಕದಲ್ಲಿದ್ದುದನ್ನೆಲ್ಲ ಗಣಕಯಂತ್ರಕ್ಕೆ ಏರಿಸುವಾಗ ಯಾರೋ ಒಬ್ಬರು ಜುಲೈ ಎಂದು ಒತ್ತಿದರು. ಯಂತ್ರವು ಅದನ್ನು ನಂಬಿತು. 2007ರಿಂದ 2021ರ ವರೆಗೆ ಹದಿನೈದು ವರ್ಷ, ವರ್ಷಕ್ಕೆ ಐದು ತಿಂಗಳಂತೆ ಎಪ್ಪತ್ತೈದು ತಿಂಗಳು, ಒಂದು ಬಡ್ತಿಯ ಮೊತ್ತವನ್ನು ಒಂದು ಪೈಸೆಯ ವ್ಯತ್ಯಾಸವಿಲ್ಲದೆ ಹೆಚ್ಚಾಗಿ ಕೊಟ್ಟಿತು. ಪ್ರತಿವರ್ಷ ದಶಂಬರದಲ್ಲಿ ತಪ್ಪು ತಾನಾಗಿ ಅಳಿದು, ಜುಲೈಯಲ್ಲಿ ಮತ್ತೆ ಮೂಡುತ್ತಿತ್ತು. ಕಾಡಿನ ಅಣಬೆಯ ಹಾಗೆ, ಮಳೆಗಾಲದ ತಪ್ಪು.

ಪಿಂಚಣಿಯ ಕಾಗದಗಳನ್ನು ಪರಿಶೀಲಿಸುವಾಗ ಇದು ಹೊರಬಿತ್ತು. ಗ್ರಾಚ್ಯುಯಿಟಿಯನ್ನು ತಡೆಹಿಡಿದು, 56,386 ರೂಪಾಯಿ ಮರಳಿಸಬೇಕೆಂದು ಮಲಯಾಳದಲ್ಲಿ ಒಂದು ನೋಟೀಸು ಬಂತು. ಮಾಷ್ಟ್ರು ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಲಯಾಳ ಅವರಿಗೆ ಬರುವುದಿಲ್ಲವೆಂದಲ್ಲ. ಸಂತೆಗೆ, ಬಸ್ಸಿಗೆ, ಆಸ್ಪತ್ರೆಗೆ ಸಾಕಷ್ಟು ಬರುತ್ತದೆ. ಕಛೇರಿಯ ಮಲಯಾಳ ಬೇರೆಯೇ ಒಂದು ಭಾಷೆ, ಕಛೇರಿಯ ಕನ್ನಡ ಹೇಗೆ ಬೇರೆಯೋ ಹಾಗೆ. ಅದರಲ್ಲಿ 'ಅಧಿಕಮಾಯಿ ಕೈಪ್ಪಟ್ಟಿಯ ತುಗ' ಎಂದಿತ್ತು. ಹೆಚ್ಚಾಗಿ ಪಡೆದುಕೊಂಡ ಮೊತ್ತ ಎಂದರ್ಥ. ಹೆಚ್ಚಾಗಿ ನಾವು ಕೊಟ್ಟ ಮೊತ್ತ ಎಂದು ಬರೆಯುವುದಕ್ಕೂ ಅಷ್ಟೇ ಅಕ್ಷರಗಳು ಸಾಕಾಗುತ್ತಿದ್ದವು. ವ್ಯಾಕರಣ ಕಲಿತವರು ಗಮನಿಸಬೇಕು. ಕೊಟ್ಟ ಕರ್ತೃ ವಾಕ್ಯದಿಂದಲೇ ಮಾಯವಾಗಿ, ಪಡೆದ ಕರ್ತೃ ಒಬ್ಬನೇ ನಿಂತಿದ್ದಾನೆ. ಇದು ಮಲಯಾಳದ ದೋಷವಲ್ಲ. ಕನ್ನಡದಲ್ಲಿ ಬಂದಿದ್ದರೂ 'ಪಡೆದಿರುವುದು ಕಂಡುಬಂದಿರುತ್ತದೆ' ಎಂದೇ ಬರುತ್ತಿತ್ತು.

ನಾವು ಓದಿ ಅರ್ಥ ಹೇಳುತ್ತಿದ್ದಾಗ, ಗಂಡನ ಹಿಂದೆಯೇ ಬಂದು ಚಿಟ್ಟೆಯ ಕೊನೆಯಲ್ಲಿ ಕುಳಿತಿದ್ದ ಅವರ ಮನೆಯವರು, "ಕದ್ದದ್ದು ಅಂತ ಬರೆದಿದ್ದಾರಾ ಅಣ್ಣ?" ಎಂದು ಕೇಳಿದರು.

"ಹಾಗೆಂತ ಇಲ್ಲ ಅಕ್ಕ. ಲೆಕ್ಕ ತಪ್ಪಿದ್ದು ಅಂತ ಮಾತ್ರ" ಎಂದೆವು.

"ಮತ್ತೆ ಯಾರಿಗೆ ಲೆಕ್ಕ ತಪ್ಪಿದ್ದು? ಇವರಿಗಾ, ಅವರಿಗಾ?"

ಮಾಷ್ಟ್ರು ಮಾತಾಡಲಿಲ್ಲ. ಗಣಿತದ ಅಧ್ಯಾಪಕನಿಗೆ ಈ ಪ್ರಶ್ನೆ ಎಲ್ಲಿ ನಾಟುತ್ತದೆಂದು ನಮಗೆ ಗೊತ್ತಿತ್ತು. ಊರಿನಲ್ಲಿಯೂ ಅದನ್ನೇ ಆಡಿಕೊಂಡರು. ಲೆಕ್ಕದ ಮಾಷ್ಟ್ರಿಗೆ ಸ್ವಂತ ಸಂಬಳದ ಲೆಕ್ಕ ತಿಳಿಯಲಿಲ್ಲವೇ, ಗೊತ್ತಿದ್ದೂ ಸುಮ್ಮನಿದ್ದರೇ ಎಂದು. ಈ ಪ್ರಶ್ನೆಯನ್ನು ನಾವು ನ್ಯಾಯವಾಗಿ ತೂಗಿ ನೋಡಿದೆವು. ಒಂದು ವರ್ಷದೊಳಗೆ ತುಟ್ಟಿಭತ್ಯೆ ಏರುತ್ತದೆ, ಅದರ ಬಾಕಿ ಬರುತ್ತದೆ. ಭವಿಷ್ಯನಿಧಿಗೆ, ವಿಮೆಗೆ, ಸಾಲದ ಕಂತಿಗೆ, ತೆರಿಗೆಗೆ ಕಡಿತಗಳು ಬದಲಾಗುತ್ತವೆ. ಐದು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆಯಾಗಿ, 2014ನೆಯ ಜುಲೈಯಿಂದ ಒಂದು, 2019ನೆಯ ಜುಲೈಯಿಂದ ಇನ್ನೊಂದು ಎಂದು ಶ್ರೇಣಿಗಳೇ ಬೇರೆಯಾಗುತ್ತವೆ. ಈ ತೆರೆಗಳ ನಡುವೆ ಒಂದು ಬಡ್ತಿ ಐದು ತಿಂಗಳು ಮೊದಲೇ ತೇಲಿ ಬಂದುದನ್ನು ಗುರುತಿಸಲು ಸೇವಾಪುಸ್ತಕ ಕಣ್ಣ ಮುಂದಿರಬೇಕು. ಅದು ಕಛೇರಿಯ ಕಪಾಟಿನಲ್ಲಿರುತ್ತದೆ. ಕೈಗೆ ಬರುವುದು ಬೇಂಕಿನಿಂದ ಒಂದು ಸಂದೇಶ, ಅದರಲ್ಲಿ ಒಂದೇ ಒಂದು ಸಂಖ್ಯೆ. ಪ್ರತಿವರ್ಷ ತಪಾಸಣೆ ನಡೆಸುವವರ ಕಣ್ಣಿಗೇ ಹದಿನೈದು ವರ್ಷ ಬೀಳದಿದ್ದುದು ತರಗತಿಯಲ್ಲಿ ಭಿನ್ನರಾಶಿ ಕಲಿಸುತ್ತಿದ್ದವರ ಕಣ್ಣಿಗೆ ಬೀಳಬೇಕಿತ್ತೆಂದು ನಾವು ಒಪ್ಪುವುದಿಲ್ಲ.

ಇನ್ನು ಕಾನೂನು ಏನು ಹೇಳುತ್ತದೆ? ಹೆಚ್ಚಾಗಿ ಕೊಟ್ಟುದು ತೆರಿಗೆ ಕೊಡುವ ಪ್ರಜೆಗಳ ಹಣ, ಅದು ಕೊಟ್ಟವನದೂ ಅಲ್ಲ ಪಡೆದವನದೂ ಅಲ್ಲ, ಆದುದರಿಂದ ವಸೂಲಿ ಮಾಡತಕ್ಕದ್ದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಹೇಳಿತ್ತು. ಮಾತು ಸರಿಯಾದುದೇ. ಆದರೆ 2014ನೆಯ ದಶಂಬರ 18ರಂದು, ಪಂಜಾಬ್ ರಾಜ್ಯದ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯ ಇನ್ನೊಂದು ಕಡೆಯಿಂದ ನೋಡಿತು. ಕಾನೂನಿನ ಪುಸ್ತಕಗಳಲ್ಲಿ ಆ ಮೊಕದ್ದಮೆಯ ಹೆಸರಿನ ಪಕ್ಕದಲ್ಲಿ 'ಸುಣ್ಣ ಬಳಿಯುವವನು' ಎಂಬ ಅರ್ಥದ ಇಂಗ್ಲಿಷ್ ಮಾತು ಅಚ್ಚಾಗಿರುತ್ತದೆ. ದೊಡ್ಡ ದೊಡ್ಡ ಅಧಿಕಾರಿಗಳ ಸಂಬಳದ ಪ್ರಶ್ನೆಯೂ ಇಂದು ಒಬ್ಬ ಸುಣ್ಣ ಬಳಿಯುವವನ ಹೆಸರಿನಿಂದ ತೀರ್ಮಾನವಾಗುತ್ತಿರುವುದು ನಮಗೆ ಹಿಡಿಸಿದ ಸಂಗತಿ. ಕೆಳದರ್ಜೆಯ ನೌಕರರಿಂದ, ನಿವೃತ್ತರಾದವರಿಂದ ಮತ್ತು ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ, ಐದು ವರ್ಷಕ್ಕೂ ಹೆಚ್ಚು ಕಾಲ ಕೊಡುತ್ತ ಬಂದ ಮೇಲೆ, ಮೇಲಿನ ಹುದ್ದೆಯ ಕೆಲಸವನ್ನು ಮಾಡಿಸಿಕೊಂಡು ಅದರ ಸಂಬಳ ಕೊಟ್ಟಿದ್ದಾಗ, ಮತ್ತು ಮರಳಿ ಕೇಳುವುದು ಕ್ರೂರವೂ ಅನ್ಯಾಯವೂ ಆಗುವ ಇತರ ಸಂದರ್ಭಗಳಲ್ಲಿ ವಸೂಲಿ ಕೂಡದೆಂದು ಆ ತೀರ್ಪು. 2022ನೆಯ ಮೇ ತಿಂಗಳಲ್ಲಿ ಕೇರಳದ ಅಧ್ಯಾಪಕರೊಬ್ಬರ ಮೇಲ್ಮನವಿಯಲ್ಲಿಯೂ ಹಾಗೆಯೇ ಆಯಿತು. 1999ರಲ್ಲಿ ನಿವೃತ್ತರಾದ ಅವರಿಗೆ ಅಂತಿಮ ತೀರ್ಪು ದೊರೆತುದು ಇಪ್ಪತ್ತಮೂರು ವರ್ಷಗಳ ಮೇಲೆ. ತೀರ್ಪು ಕೊಟ್ಟ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು, ಅಬ್ದುಲ್ ನಜೀರ್ ಅವರು, ಮೂಡುಬಿದಿರೆಯ ಪಕ್ಕದ ಬೆಳುವಾಯಿಯವರು. ನೌಕರನ ಮೋಸವಾಗಲಿ ಸುಳ್ಳಾಗಲಿ ಇಲ್ಲದಿದ್ದಾಗ ವಸೂಲಿಯನ್ನು ತಡೆಯುವುದು ಆತನ ಹಕ್ಕೆಂದಲ್ಲ, ಆತನ ಕಷ್ಟವನ್ನು ನೋಡಿ ನ್ಯಾಯಾಲಯ ತೋರುವ ಧರ್ಮವೆಂದು ಅಲ್ಲಿ ಸ್ಪಷ್ಟಪಡಿಸಲಾಗಿದೆ.

ಇದನ್ನೆಲ್ಲ ಕಲೆಹಾಕಿಕೊಂಡು ನಾವು ಮಾಷ್ಟ್ರಲ್ಲಿಗೆ ಹೋದೆವು. ಅವರು ಸಮಾಧಾನದಿಂದ ಕೇಳಿ, "ಹಣ ನನ್ನದಲ್ಲ ಅಲ್ವಾ? ಕೊಟ್ಟುಬಿಡುತ್ತೇನೆ. ಕೋರ್ಟಿನ ತೀರ್ಪು ಹಿಡಿದು ನನ್ನದಲ್ಲದ್ದನ್ನು ಇಟ್ಟುಕೊಂಡ ಎಂಬ ಮಾತು ಬೇಡ" ಎಂದರು.

ಈ ಮಾತಿಗೆ ಎದುರಾಡುವುದು ಸುಲಭವಲ್ಲ. ಸತ್ಯಸಂಧನಿಗೆ ಕಾನೂನಿನ ರಿಯಾಯಿತಿ ಬೇಕಾಗುವುದಿಲ್ಲ. ಆದರೆ ನಮಗೆ ಇನ್ನೊಂದು ಸಂಗತಿ ತಿಳಿದಿತ್ತು. ಅದೇ ಪರಿಶೀಲನೆಯಲ್ಲಿ ಅದೇ ಬಗೆಯ ತಪ್ಪಿಗಾಗಿ ಮೂರು ನೋಟೀಸುಗಳು ಹೊರಟಿದ್ದವು. ಎರಡನೆಯದು ನಿವೃತ್ತನಾದ ಒಬ್ಬ ಪಿಯೋನನಿಗೆ. ಮೂರನೆಯದು, ಸೇವೆಯಲ್ಲಿದ್ದಾಗಲೇ ತೀರಿಹೋದ ಅಧ್ಯಾಪಕರೊಬ್ಬರ ಹೆಂಡತಿಗೆ. ಕುಟುಂಬ ಪಿಂಚಣಿಯಲ್ಲಿ ಇಬ್ಬರು ಮಕ್ಕಳನ್ನು ಓದಿಸುತ್ತಿರುವಾಕೆ. ಮಾಷ್ಟ್ರು ಮರುಮಾತಿಲ್ಲದೆ ಕೊಟ್ಟರೆಂಬ ಸುದ್ದಿ ಕಛೇರಿಗೆ ಒಂದು ಮೇಲ್ಪಂಕ್ತಿಯಾಗುತ್ತದೆ. ಅಂತಹ ದೊಡ್ಡವರೇ ಕೊಟ್ಟರು, ನಿಮ್ಮದೇನು ಎಂದು ಉಳಿದಿಬ್ಬರನ್ನು ಕೇಳುತ್ತಾರೆ. ಸ್ಥಿತಿವಂತನ ಪ್ರಾಮಾಣಿಕತೆ ಒಮ್ಮೊಮ್ಮೆ ಬಡವನ ಮೇಲೆ ಹೇರಿದ ಹೊರೆಯಾಗುತ್ತದೆ. ಇದನ್ನು ಬಿಡಿಸಿ ಹೇಳಿದೆವು. ಅವರು ಬಹಳ ಹೊತ್ತು ಅಂಗಳದ ಅಡಕೆಯನ್ನು ನೋಡುತ್ತಿದ್ದರು. ಕೊನೆಗೆ, "ಹಾಗಾದರೆ ಮೂರು ಅರ್ಜಿ ಬರೆಯುವ" ಎಂದರು.

ಒಂದು ತೊಡಕಿತ್ತು. ವೇತನ ಪರಿಷ್ಕರಣೆಯ ಕಾಲಕ್ಕೆ, ಹೆಚ್ಚಾಗಿ ಬಂದುದು ಕಂಡುಬಂದರೆ ಮರಳಿಸುತ್ತೇನೆಂಬ ಮುಚ್ಚಳಿಕೆಗೆ ಮಾಷ್ಟ್ರು ಸಹಿ ಹಾಕಿದ್ದರು. ಅಂತಹ ಮುಚ್ಚಳಿಕೆ ಕೊಟ್ಟವರು ಅದಕ್ಕೆ ಬದ್ಧರೆಂದು 2016ರಲ್ಲಿ, ಹರಿಯಾಣದ ಒಬ್ಬ ನ್ಯಾಯಾಧಿಕಾರಿಯ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಸಹಿ ಹಾಕದಿದ್ದರೆ ಪರಿಷ್ಕೃತ ಸಂಬಳವಿಲ್ಲ; ಹಾಕಿದರೆ ಮುಂದೊಂದು ದಿನ ರಕ್ಷಣೆಯಿಲ್ಲ. ಇಂತಹ ಕಾಗದದ ಮೇಲೆ ಸಹಿ ಹಾಕುವಾಗ ಇಡೀ ಸ್ಟಾಫ್ ರೂಮು ಒಂದೇ ಪೆನ್ನನ್ನು ಕೈಯಿಂದ ಕೈಗೆ ದಾಟಿಸುವುದನ್ನು ನಾವೆಲ್ಲ ಕಂಡಿದ್ದೇವೆ. ನ್ಯಾಯಾಧೀಶನ ಮುಚ್ಚಳಿಕೆಯನ್ನೂ ಪಿಯೋನನ ಮುಚ್ಚಳಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಕ್ಕುದಲ್ಲವೆಂಬುದು ನಮ್ಮ ಅಭಿಪ್ರಾಯ; ನ್ಯಾಯಾಲಯಗಳಲ್ಲಿ ಅದಕ್ಕೆ ಬೆಲೆಯಿಲ್ಲವೆಂಬುದೂ ತಿಳಿದಿದೆ.

ಅರ್ಜಿಗಳನ್ನು ಕನ್ನಡದಲ್ಲಿಯೇ ಬರೆದೆವು. ಕೇರಳದ 1969ರ ಆಡಳಿತಭಾಷಾ ಕಾಯಿದೆಯಂತೆ ಇಲ್ಲಿಯ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ಈ ಹಕ್ಕನ್ನು ಬಳಸದೆ ಬಳಸದೆ ನಾವೇ ಮರೆತಿದ್ದೇವೆ. ಬರೆಯುತ್ತ ಕುಳಿತಾಗ ಮಾಷ್ಟ್ರು ತಮ್ಮ ಹಳೆಯ ದಿನಚರಿಗಳನ್ನು ಹೊರತೆಗೆದು, ಕಛೇರಿಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಗೆರೆಯ ಕಾಗದದಲ್ಲಿ ಎಪ್ಪತ್ತೈದು ತಿಂಗಳ ಲೆಕ್ಕವನ್ನು ತಾವೇ ಹಾಕಿದರು. ಎರಡು ರಾತ್ರಿ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಬಂದವರ ಮುಖದಲ್ಲಿ, ನೋಟೀಸು ಬಂದ ಮೇಲೆ ಮೊದಲ ಬಾರಿಗೆ, ತರಗತಿಯ ಕಳೆಯಿತ್ತು. 2019ನೆಯ ಸೆಪ್ಟೆಂಬರು ತಿಂಗಳು ಪೂರ್ತಿ ಅವರು ಅರ್ಧಸಂಬಳದ ರಜೆಯಲ್ಲಿದ್ದರು. ಆ ತಿಂಗಳು ಹೆಚ್ಚಾಗಿ ಬಂದುದೂ ಅರ್ಧವೇ. ವಸೂಲಿಯ ಪಟ್ಟಿಯಲ್ಲಿ ಪೂರ್ತಿ ಹಿಡಿದಿದ್ದರು. ತಪ್ಪನ್ನು ಎಣಿಸುವುದರಲ್ಲಿಯೂ 612 ರೂಪಾಯಿಯ ತಪ್ಪು!

"ಇದನ್ನು ಅರ್ಜಿಯಲ್ಲಿ ಮೊದಲು ಹಾಕಬೇಕು" ಎಂದರು. ತೀರ್ಪುಗಳು ಮೊದಲು, ಇದು ಕೊನೆಗೆ ಎಂದು ನಾವು ವಾದಿಸಿದೆವು. ಅವರು ಒಪ್ಪಲಿಲ್ಲ.

ಮೂರು ಅರ್ಜಿಗಳೂ 2023ನೆಯ ಜೂನ್ ತಿಂಗಳಲ್ಲಿ ಹೋದವು. ಪಿಯೋನನ ನೋಟೀಸನ್ನು ಮರುವರ್ಷ ಹಿಂದಕ್ಕೆ ಪಡೆದರು. ಆ ಹೆಂಗಸಿನದನ್ನೂ ಬಿಟ್ಟರು. ಅವರಲ್ಲಿಂದ ಅದಾಗಲೇ ಹಿಡಿದಿದ್ದ ನಾಲ್ಕು ಕಂತುಗಳು ಮರಳಿ ಬರಲು ಇನ್ನೂ ಆರು ತಿಂಗಳು ಬೇಕಾಯಿತು. ಮಾಷ್ಟ್ರ ಗ್ರಾಚ್ಯುಯಿಟಿಯಲ್ಲಿ ವಿವಾದದ ಮೊತ್ತವನ್ನು ಮಾತ್ರ ಹಿಡಿದಿಟ್ಟು ಉಳಿದುದನ್ನು ಕೊಟ್ಟರು. ಮುಚ್ಚಳಿಕೆ ಇರುವುದರಿಂದ ಅವರ ವಿಷಯ ಪರಿಶೀಲನೆಯಲ್ಲಿದೆ ಎಂದೂ, 56,386 ಎಂಬುದನ್ನು 55,774 ಎಂದು ತಿದ್ದಿ ಓದಿಕೊಳ್ಳಬೇಕೆಂದೂ ಒಂದು ಪತ್ರ ಬಂದಿದೆ. ಪತ್ರ ಕನ್ನಡದಲ್ಲಿತ್ತು. ಮಾಷ್ಟ್ರು ಅದನ್ನು ನಮಗೆ ತೋರಿಸಲು ತಂದಾಗ, ಅದರಲ್ಲಿದ್ದ ಎರಡು ಕಾಗುಣಿತದ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದ್ದರು.